ಬೇರೆ ಗೂಟ

ನಾನು ದನದ ದವಾಖಾನೆಯ ನೌಕರ. ಡಾಕ್ಟರಲ್ಲ. ಡಾಕ್ಟರು ಹೇಳಿದ ಸೂಜಿ ಹಾಕುವವನು, ಗಾಯ ತೊಳೆಯುವವನು, ಲಸಿಕೆಯ ಪೆಟ್ಟಿಗೆಯನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಸುರಪುರ ತಾಲೂಕಿನ ಹಳ್ಳಿಗಳನ್ನು ಸುತ್ತುವವನು. ಆದರೂ ರೈತರು ನನ್ನನ್ನು ಡಾಕ್ಟರ್ ಸಾಹೇಬರೆಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ರುಚಿ ಹತ್ತಿತು, ತಿದ್ದುವುದನ್ನು ಬಿಟ್ಟೆ.

ಈ ಕೆಲಸದಲ್ಲಿ ನಾಚಿಕೆಗೆ ಜಾಗವಿಲ್ಲ. ಹೋರಿಯ ಬೀಜ ಒಡೆಸುವುದಿರಲಿ, ಆಕಳು ಬೆದೆಗೆ ಬಂದದ್ದಿರಲಿ, ಎಮ್ಮೆಯ ಕೆಚ್ಚಲು ಬಾತದ್ದಿರಲಿ, ಎಲ್ಲವನ್ನೂ ಜನ ನಡುಬೀದಿಯಲ್ಲಿ ನಿಂತು ದೊಡ್ಡ ದನಿಯಲ್ಲೇ ಹೇಳುತ್ತಾರೆ. ತಲೆ ತುಂಬ ಸೆರಗು ಹೊದ್ದ ಮುದುಕಿಯರು ಕೂಡ, "ಎತ್ತು ಉಚ್ಚಿ ಹೊಯ್ಯಾಕ ತಿಣಕಾಕತ್ತೇದ್ರಿ ಸಾಹೇಬ್ರ, ಹನಿಹನಿ ಬೀಳಾಕತ್ತೇದ, ಜರಾ ಕೈ ಹಚ್ಚಿ ನೋಡ್ರಿ" ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ನಾನೂ ಕೈ ಹಚ್ಚಿ ನೋಡುತ್ತೇನೆ. ಅದೇ ತೊಂದರೆ ನನಗೆ ಬಂದಾಗ ಮಾತ್ರ ಎರಡು ವರ್ಷ ಬಾಯಿ ತೆರೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತಂತೆ.

ಶುರುವಾದದ್ದು ತುರಿಕೆಯಿಂದ. ನಮ್ಮ ಕಡೆಯ ಬೇಸಿಗೆಯಲ್ಲಿ ತೊಡೆಸಂದು ತುರಿಸದ ಗಂಡಸು ಯಾರಿದ್ದಾನೆ? ಉಷ್ಣ ಅಂದುಕೊಂಡೆ. ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿದೆ, ಹೊಕ್ಕುಳಿಗೆ ಔಡಲೆಣ್ಣೆ ಹಚ್ಚಿದೆ. ಬೇಸಿಗೆ ಹೋಗಿ ಮಳೆಗಾಲ ಬಂದರೂ ತುರಿಕೆ ಹೋಗಲಿಲ್ಲ. ಒಂದು ದಿನ ಜಳಕ ಮಾಡುವಾಗ ಸರಿಯಾಗಿ ನೋಡಿದೆ. ಅಂಗದ ತುದಿಯ ಚರ್ಮ ಅಲ್ಲಲ್ಲಿ ಬೆಳ್ಳಗಾಗಿತ್ತು, ಹಾಲಿನ ಕೆನೆ ಒಣಗಿ ಪಾತ್ರೆಯ ಅಂಚಿಗೆ ಹತ್ತಿದ ಹಾಗೆ. ಮುಂದಿನ ತೊಗಲು ಬಿಗಿಯಾಗಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಬಲವಂತ ಮಾಡಿದರೆ ಸಣ್ಣಗೆ ಸೀಳಿ ರಕ್ತ ಬರುತ್ತಿತ್ತು. ಮೂತ್ರದ ಧಾರೆ ಸಣ್ಣದಾಗಿತ್ತು.

ಸುರಪುರದಲ್ಲಿ ನನ್ನ ಗುರುತಿಲ್ಲದ ಔಷಧಿ ಅಂಗಡಿ ಇಲ್ಲ. ಅದಕ್ಕೆ ಶಹಾಪುರಕ್ಕೆ ಹೋದೆ. ಅಂಗಡಿಯ ಮುಂದೆ ಐದಾರು ಜನ ನಿಂತಿದ್ದರು. ಒಬ್ಬ ಗೆಳೆಯನಿಗೆ ಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅಂಗಡಿಯವನು, "ಗೆಳ್ಯಾಗ ಎಲ್ಲಿ ತುರಸ್ತದ್ರಿ?" ಎಂದು ಆ ಜನಕ್ಕೆಲ್ಲ ಕೇಳುವಂತೆ ಕೇಳಿದ. "ತೊಡೀಗೆ" ಅಂದೆ. ಗಜಕರ್ಣಕ್ಕೆ ಕೊಡುವ ಮುಲಾಮು ಕೊಟ್ಟ. ಹಚ್ಚಿದರೆ ನಾಲ್ಕು ದಿನ ತಣ್ಣಗಾಗುವುದು, ಬಿಟ್ಟರೆ ಮತ್ತೆ ಮೊದಲಿನಂತೆ. ಆರು ತಿಂಗಳು ಹೀಗೇ ನಡೆಯಿತು.

ಕೊನೆಗೆ ಧೈರ್ಯ ಮಾಡಿ ಶಹಾಪುರದಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆ. ನಮ್ಮ ಕಡೆಯ ದವಾಖಾನೆಗಳ ರೀತಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಒಬ್ಬನನ್ನು ನೋಡುವಾಗ ಮುಂದಿನ ಮೂವರು ಒಳಗೇ ಬಂದು ನಿಂತಿರುತ್ತಾರೆ. ಅವರ ಜೊತೆ ಬಂದವರು ಬಾಗಿಲಲ್ಲಿ ನಿಂತು, ಏನಾಗ್ಯಾದ ಇವಗ ಎಂದು ಕೇಳುತ್ತಿರುತ್ತಾರೆ. ನನ್ನ ಸರದಿ ಬಂದಾಗ ಬೆನ್ನ ಹಿಂದೆ ನಿಂತವನು ಕಕ್ಕೇರಾದ ರೈತ. ಹಿಂದಿನ ವಾರವಷ್ಟೇ ಅವನ ಹೋರಿಗೆ ಬೀಜ ಒಡೆದು ಬಂದಿದ್ದೆ.

"ಡಾಕ್ಟರ್ ಸಾಹೇಬ್ರ, ನೀವೂ ಇಲ್ಲೇನ್ರಿ? ನಿಮಗೇನಾಗೇದ್ರಿ?" ಅಂದ, ನಿಜವಾದ ಕಾಳಜಿಯಿಂದ.

ಕೂತಿದ್ದ ಡಾಕ್ಟರು, ಹಿಂದೆ ನಿಂತ ರೈತ, ತೂಕದ ಯಂತ್ರದ ಮೇಲೆ ನಿಂತಿದ್ದ ಹೆಂಗಸು, ಎಲ್ಲರೂ ನನ್ನ ಉತ್ತರಕ್ಕೆ ಕಾದರು. ನಾನು ಅಂಗಿಯ ತೋಳು ಮೇಲೇರಿಸಿ ಮೊಣಕೈ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ದನದ ಕೂದಲಿನ ಅಲರ್ಜಿ ಇರಬೇಕು ಎಂದು ಒಂದು ಪೌಡರ್ ಬರೆದುಕೊಟ್ಟರು. ಆ ಪೌಡರನ್ನು ತಂದು ಮೊಣಕೈಗೇ ಹಚ್ಚಿದೆ ಅಂದರೆ ನಂಬುತ್ತೀರಾ? ಹಚ್ಚಿದೆ. ಏನಾದರೂ ಹಚ್ಚಬೇಕಾಗಿತ್ತು.

ಮನೆಯಲ್ಲಿ ಆಗ ನಾವಿಬ್ಬರೇ. ಸುರಪುರಕ್ಕೆ ಹತ್ತಿದ ರಂಗಂಪೇಟೆಯಲ್ಲಿ ನಮ್ಮದು ಎರಡು ಕೋಣೆ, ಮುಂದೊಂದು ಪಡಸಾಲೆಯ ಮನೆ. ಮಗಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ತುರಿಕೆ ಶುರುವಾಗುವುದಕ್ಕೆ ಹಿಂದಿನ ವರ್ಷ ನನ್ನ ಹೆಂಡತಿಗೆ ಗರ್ಭಚೀಲ ತೆಗೆಸುವ ಆಪರೇಷನ್ ಆಗಿತ್ತು. ನಮ್ಮ ಕಡೆ ಇದು ಹೆಂಗಸರಿಗೆ ಹಲ್ಲು ಕೀಳಿಸಿದಷ್ಟೇ ಸಾಮಾನ್ಯದ ಮಾತು. ನಲವತ್ತು ಆಗುವುದರೊಳಗೆ ಅರ್ಧ ಓಣಿಯ ಹೆಂಗಸರು ತೆಗೆಸಿಕೊಂಡಿರುತ್ತಾರೆ. ಅವಳಿಗೆ ತಿಂಗಳಿಗೆ ಹದಿನೈದು ದಿನ ರಕ್ತ ಹೋಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಆಪರೇಷನ್ ಆದ ಮೇಲೆ ಮೊದಲ ಹದಿನೈದು ದಿನ ನಾನೇ ಅವಳ ತಲೆ ಬಾಚುತ್ತಿದ್ದೆ, ಜಡೆ ಹೆಣೆಯುತ್ತಿದ್ದೆ. ಎತ್ತಿನ ಹಗ್ಗ ಹೆಣೆದ ಕೈಗೆ ಜಡೆ ಏನು ದೊಡ್ಡದು ಎಂದು ಅವಳನ್ನು ನಗಿಸಲು ನೋಡುತ್ತಿದ್ದೆ. ನಕ್ಕರೆ ಹೊಲಿಗೆ ಜಗ್ಗುತ್ತದೆ ಎಂದು ಅವಳು ಹೊಟ್ಟೆ ಹಿಡಿದುಕೊಂಡು ಬೈಯುತ್ತಿದ್ದಳು. ಆಮೇಲೆ ಮೂರು ತಿಂಗಳು ಶಿರವಾಳದ ತವರುಮನೆಯಲ್ಲಿ ಇದ್ದು ಬಂದಳು. ನಮ್ಮ ನಡುವೆ ಅಲ್ಲಿಯವರೆಗೆ ಒಂದು ಕೆಟ್ಟ ಮಾತಿರಲಿಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಮುಂದಿನದನ್ನು ಕೆಡಿಸಿದವನು ನಾನು.

ಬಾಯಿಬಿಟ್ಟು ಕೇಳಲಾರದವನು ಮೊಬೈಲಿಗೆ ಕೇಳುತ್ತಾನೆ. ಕನ್ನಡದಲ್ಲಿ ಹುಡುಕಿದರೆ ಗಂಡಸುತನದ ಎಣ್ಣೆ ಮಾರುವವರೇ ಸಿಕ್ಕರು. ಇಂಗ್ಲಿಷಿನಲ್ಲಿ ಹುಡುಕಿದೆ. ನನ್ನ ಇಂಗ್ಲಿಷು ಔಷಧಿ ಬಾಟಲಿಯ ಚೀಟಿ ಓದುವಷ್ಟು. ಒಂದು ಕಡೆ ನನ್ನದೇ ಚರ್ಮ ಎಂಬಂಥ ಚಿತ್ರ ಸಿಕ್ಕಿತು. ಕೆಳಗಿನ ಉದ್ದನೆಯ ಬರಹದಲ್ಲಿ, ಈ ರೋಗಕ್ಕೂ ಕೆಲವು ವೈರಸ್ಸುಗಳಿಗೂ ಸಂಬಂಧ ಇದ್ದರೂ ಇರಬಹುದು ಎಂಬ ಸಾಲಿತ್ತು. ಇದ್ದರೂ ಇರಬಹುದು ಎಂಬುದು ನನ್ನ ತಲೆಗೆ ಹೋಗಲಿಲ್ಲ. ವೈರಸ್ ಎಂಬುದು ಹೋಯಿತು. ಮೊಬೈಲು ಆರಿಸಿ ಜೇಬಿಗಿಟ್ಟೆ.

ಅದು ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ. ಅದೂ ಚರ್ಮದ್ದೇ ರೋಗ, ಅದೂ ವೈರಸ್ಸಿನದೇ. ಮೈತುಂಬ ಲಿಂಬೆಕಾಯಿಯಂಥ ಗಂಟು ಎದ್ದು, ಒಡೆದು, ಒಳ್ಳೊಳ್ಳೆಯ ಎತ್ತುಗಳು ಸತ್ತವು. ಬೆಳಗಾದರೆ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದೆ. ಹೋದ ಊರಲ್ಲೆಲ್ಲ ಕಟ್ಟೆಯ ಹತ್ತಿರ ನಿಂತು ಒಂದೇ ಮಾತು ಹೇಳುತ್ತಿದ್ದೆ:

"ಜಡ್ಡಿನ ದನ ಬ್ಯಾರೆ ಗೂಟಕ್ಕ ಕಟ್ರಿ. ಬ್ಯಾರೆ ನೀರು, ಬ್ಯಾರೆ ಮೇವು. ಒಂದಕ್ಕ ಕನಿಕರ ಮಾಡಾಕ ಹೋಗಿ ಕೊಟಗಿ ಎಲ್ಲಾ ಕಳಕೋಬ್ಯಾಡ್ರಿ."

ಊರೂರಿಗೆ ಹೇಳಿದ ಮಾತನ್ನು ಮನೆಗೆ ಬಂದು ನನಗೇ ಹೇಳಿಕೊಂಡೆ. ಹಾಸಿಗೆಯನ್ನು ಒಳಗಿನ ಕೋಣೆಯಿಂದ ಪಡಸಾಲೆಗೆ ತಂದೆ. ಬೆಳಗಿನ ಜಾವವೇ ರೈತರ ಫೋನು ಬರುತ್ತದೆ, ನಿನ್ನ ನಿದ್ದೆ ಕೆಡುತ್ತದೆ ಎಂದು ನೆಪ ಹೇಳಿದೆ. ಟವೆಲ್ಲು ಬೇರೆ, ಸಾಬೂನು ಬೇರೆ, ತಾಟು ಲೋಟ ಬೇರೆ ಮಾಡಿಕೊಂಡೆ. ಚಡ್ಡಿ ಲುಂಗಿಗಳನ್ನು ಬಿಸಿನೀರಿನಲ್ಲಿ ನಾನೇ ಒಗೆದು ಮಾಳಿಗೆಯ ಮೂಲೆಯಲ್ಲಿ ಬೇರೆಯಾಗಿ ಒಣಹಾಕಿದೆ. ದನದ ಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ನನಗೆ ಬಂದದ್ದು ಅದಲ್ಲ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ. ನನ್ನದು ಒಬ್ಬರಿಂದ ಒಬ್ಬರಿಗೆ ಬರುವಂಥದ್ದು ಹೌದೋ ಅಲ್ಲವೋ. ವೈರಸ್ ಅಂದ ಮೇಲೆ ಕೇಳುವುದೇನಿದೆ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಇಪ್ಪತ್ತು ವರ್ಷ ದನಗಳ ಜೊತೆ ಕಳೆದವನ ತೀರ್ಮಾನ.

ಹೆಂಡತಿ ಒಮ್ಮೆ ಕೇಳಿದಳು. "ನಿಮ್ಮ ಅರಿಬಿ ನೀವ್ಯಾಕ ಒಗೀತೀರಿ? ಓಣಿ ಮಂದಿ ನನ್ನ ಏನಂತಾರ?"

"ದನದ ಜಡ್ಡು ಹತ್ತಿರ್ತದ, ನೀ ಮುಟ್ಟಬ್ಯಾಡ" ಅಂದೆ.

ಅವಳು ಒಂದೇ ಮಾತನ್ನು ಎರಡು ಸಲ ಕೇಳುವ ಹೆಂಗಸಲ್ಲ. ಅಂದಿನಿಂದ ನನ್ನ ತಾಟನ್ನು ಪಡಸಾಲೆಯಲ್ಲಿಟ್ಟು ಒಳಗೆ ಹೋಗಿ ತಾನು ಉಣ್ಣತೊಡಗಿದಳು. ಒಂದೇ ಮನೆಯಲ್ಲಿ ಗೋಡೆಯ ಆಚೆ ಈಚೆ ಕೂತು ಉಣ್ಣುವುದು ಎಂಥದ್ದು ಎಂದು ಹೇಳಲು ನನಗೆ ಬರುವುದಿಲ್ಲ. ಅವಳು ರೊಟ್ಟಿ ಮುರಿದ ಸದ್ದು ಕೇಳುತ್ತಿತ್ತು. ನೀರು ಕುಡಿದ ಸದ್ದು ಕೇಳುತ್ತಿತ್ತು. ಹಬ್ಬಕ್ಕೆ ಮಗಳು ಬಂದ ನಾಲ್ಕು ದಿನ ಮಾತ್ರ ಇಬ್ಬರೂ ಒಂದೇ ಕಡೆ ಕೂತು, ಎದ್ದು, ಮಾತಾಡಿ, ಏನೂ ಆಗಿಲ್ಲದವರ ಹಾಗೆ ಇರುತ್ತಿದ್ದೆವು. ಮಗಳು ಹೋದ ಮೇಲೆ ಮತ್ತೆ ಗೋಡೆ.

ಇಷ್ಟಕ್ಕೇ ನಿಂತಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆ. ನಿಲ್ಲಲಿಲ್ಲ. ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಒಂದು ಕೊಟ್ಟಿಗೆಗೆ ರೋಗ ಬಂತು ಅಂದರೆ ಮೊದಲು ಕೇಳುವ ಪ್ರಶ್ನೆ, ಎಲ್ಲಿಂದ ಬಂತು? ಹೊಸ ದನ ತಂದಿರೇನು, ನಿಮ್ಮ ದನ ಬೇರೆ ಊರಿಗೆ ಹೋಗಿತ್ತೇನು? ಈ ಪ್ರಶ್ನೆಯನ್ನೂ ನನಗೆ ನಾನೇ ಕೇಳಿಕೊಂಡೆ. ಮದುವೆಯಾದ ಮೇಲೆ, ಮೊದಲೂ ಕೂಡ, ನಾನು ಬೇರೆ ಹೆಂಗಸಿನ ಹತ್ತಿರ ಹೋದವನಲ್ಲ. ಹಾಗಾದರೆ ಬಂತೆಲ್ಲಿಂದ? ವೈರಸ್ಸು ತಾನಾಗಿ ಹುಟ್ಟುವುದಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ. ಶಿರವಾಳದಲ್ಲಿ ಅವಳು ಮೂರು ತಿಂಗಳು ಇದ್ದಳಲ್ಲ. ಗರ್ಭಚೀಲ ಕೆಟ್ಟದ್ದಾದರೂ ಯಾಕೆ?

ಒಂದು ಮಧ್ಯಾಹ್ನ ಅವಳು ಬಾವಿಯ ಕಡೆ ಹೋದಾಗ ಟ್ರಂಕು ತೆಗೆದು ಅವಳ ಆಪರೇಷನ್ನಿನ ಕಾಗದಗಳನ್ನು ಹೊರಗೆ ತೆಗೆದೆ. ಪಡಸಾಲೆಯ ಬೆಳಕಿನಲ್ಲಿ ಕೂತು ಒಂದೊಂದೇ ಹಾಳೆ ಓದಿದೆ. ಒಂದು ಹಾಳೆಯಲ್ಲಿ ಇನ್‌ಫೆಕ್ಷನ್ ಎಂಬ ಶಬ್ದ ಇತ್ತು. ಅದರ ಹಿಂದೆ ಮುಂದೆ ಏನಿತ್ತೋ, ಓದಿದರೂ ಅರ್ಥವಾಗಲಿಲ್ಲ. ಆ ಶಬ್ದದ ಮೇಲೆ ಬೆರಳಿಟ್ಟು ಕೂತೆ. ಈಕೆ ನನ್ನ ಮಗಳ ತಾಯಿ, ಹತ್ತೊಂಬತ್ತು ವರ್ಷ ನನ್ನ ಜೊತೆ ಉಂಡವಳು, ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ. ನಾನು ನೀಚನಾದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಆ ಮಧ್ಯಾಹ್ನವನ್ನು ತೋರಿಸುತ್ತೇನೆ. ಕಾಗದಗಳನ್ನು ಮೊದಲಿನಂತೆಯೇ ಮಡಚಿ ಇಟ್ಟೆ. ಅವಳಿಗೆ ಏನೂ ಅನ್ನಲಿಲ್ಲ. ಅನ್ನದೆ ಇಟ್ಟುಕೊಂಡ ಮಾತು ಮೈಯ ತುರಿಕೆಗಿಂತ ಕೆಟ್ಟದ್ದು, ಅದಕ್ಕೆ ಗಜಕರ್ಣದ ಮುಲಾಮೂ ಇಲ್ಲ.

ಹೀಗೆ ಎರಡನೆಯ ವರ್ಷವೂ ಕಳೆಯುತ್ತ ಬಂತು. ಮೂತ್ರಕ್ಕೆ ಕೂತರೆ ಹೊತ್ತು ಹೋಗುತ್ತಿತ್ತು. ಹಳ್ಳಿಗೆ ಹೋದಾಗ ಜನರ ಜೊತೆ ಗೋಡೆಯ ಕಡೆ ಹೋಗುವುದನ್ನು ಬಿಟ್ಟು ಒಬ್ಬನೇ ಹೊಲದ ಬದುವಿನ ಆಚೆ ಹೋಗುತ್ತಿದ್ದೆ. ಮದುವೆ ಮುಂಜಿಗಳಿಗೆ ಹೋಗಿ ನಾಲ್ಕು ಜನರ ನಡುವೆ ಚಾಪೆಯ ಮೇಲೆ ಕೂರಲು ಹೆದರಿಕೆ. ಗೆಳೆಯರು ಕರೆಯುವುದನ್ನು ಬಿಟ್ಟರು. ಡಾಕ್ಟರ್ ಸಾಹೇಬರಿಗೆ ಸೊಕ್ಕು ಬಂದಿದೆ ಎಂದು ಕಕ್ಕೇರಾದಲ್ಲಿ ಯಾರೋ ಅಂದರಂತೆ. ಸೊಕ್ಕೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ.

ಆ ಕಕ್ಕೇರಾದ ಹತ್ತಿರದ ಒಂದು ಹೊಲಕ್ಕೇ ಒಂದು ದಿನ ಹೋಗಬೇಕಾಯಿತು. ಗಂಟು ರೋಗ ಅಲ್ಲಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಆ ಹೊಲದವರ ಆಕಳಿಗೆ ಆಗಿತ್ತು. ಮನೆಯವರು ನನ್ನ ಮಾತಿನಂತೆಯೇ ಅದನ್ನು ಉಳಿದ ದನಗಳಿಂದ ದೂರ, ಬೇವಿನ ಗಿಡದ ಕೆಳಗೆ ಕಟ್ಟಿದ್ದರು. ಆದರೆ ಅದರ ಹತ್ತಿರವೇ ಒಬ್ಬ ಮುದುಕಿ ಕೂತಿದ್ದಳು. ಅರಿಶಿನ ಬೇವಿನ ಸೊಪ್ಪು ಅರೆದು ಗಂಟುಗಳಿಗೆ ಹಚ್ಚುತ್ತಿದ್ದಳು.

"ಯವ್ವಾ, ಇದನ್ನ ಮುಟ್ಟಿ ಬ್ಯಾರೆ ದನದ ಕಡಿ ಹೋಗಬ್ಯಾಡ" ಅಂದೆ.

"ಹೋಗಲ್ಲ ಬಿಡಪ್ಪ. ಅವಕ ನನ್ನ ಸೊಸಿ ನೋಡ್ತಾಳ. ಇದಕ ನಾ ಒಬ್ಬಾಕಿನ." ಆಮೇಲೆ ನನ್ನನ್ನು ನೋಡಿ ಕೇಳಿದಳು. "ಇದು ಮನಿಶ್ಯಾರಿಗೆ ಬರ್ತದೇನೋ ಯಪ್ಪಾ?"

"ಇಲ್ಲಬೇ, ಬರಲ್ಲ."

"ಮತ್ತ ನಾ ಕುಂತ್ರ ಏನಾತು? ಬ್ಯಾನಿ ಬಂದ ಜೀವ ಒಂದ ಇದ್ರ ಮೇವು ತಿನ್ನಲ್ಲದು."

ಸೂಜಿ ಹಾಕಿ, ಕೈ ತೊಳೆದುಕೊಂಡು, ಮೋಟರ್‌ಸೈಕಲ್ ಹತ್ತಿದೆ. ಒಂದು ಮೈಲಿ ಬಂದು ರಸ್ತೆಯ ಬದಿಯಲ್ಲಿ ನಿಲ್ಲಿಸಿದೆ. ಹತ್ತಿಯ ಹೊಲದ ಪಕ್ಕ, ಸುತ್ತ ಯಾರೂ ಇರಲಿಲ್ಲ. ಅಕ್ಷರ ಬಾರದ ಮುದುಕಿ ಮೊದಲ ಭೇಟಿಯಲ್ಲೇ ಕೇಳಿದ ಪ್ರಶ್ನೆಯನ್ನು ನಾನು ಎರಡು ವರ್ಷದಲ್ಲಿ ಒಬ್ಬ ಡಾಕ್ಟರಿಗೂ ಕೇಳಿರಲಿಲ್ಲ. ಇದು ನನ್ನಿಂದ ಇನ್ನೊಬ್ಬರಿಗೆ ಬರುತ್ತದೆಯೇ? ಅಷ್ಟೇ ಪ್ರಶ್ನೆ. ಅಲ್ಲಿ ನಿಂತು ಅತ್ತೆ. ಗಂಡಸು ಅಳಬಾರದು ಎನ್ನುವವರು ಹಾಗೆ ಒಮ್ಮೆ ಹತ್ತಿ ಹೊಲದ ಬದಿಗೆ ನಿಂತು ನೋಡಲಿ.

ಮರುದಿನ ರಜೆ ಹಾಕಿ ಯಾದಗಿರಿಗೆ ಹೋದೆ. ಚರ್ಮದ ಡಾಕ್ಟರು ಹೆಂಗಸು ಎಂದು ಚೀಟಿ ಮಾಡಿಸಿದ ಮೇಲೆ ಗೊತ್ತಾಯಿತು. ಎದ್ದು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಒಳಗೆ ಐವತ್ತು ದಾಟಿದ ಮೇಡಂ, ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಏನು ತ್ರಾಸು?"

"ತುರಿಕಿ ರೀ."

"ಎಲ್ಲಿ?"

ನನ್ನ ಕೈ ತಾನಾಗಿಯೇ ಅಂಗಿಯ ತೋಳಿಗೆ ಹೋಯಿತು. ಚೀಟಿಯಲ್ಲಿ ನನ್ನ ಊರು, ಕೆಲಸ ಓದಿಕೊಂಡಿದ್ದ ಅವರು ಅದನ್ನು ನೋಡಿ, "ಮೊಳಕೈ ತೋರ್ಸಾಕ ಸುರಪುರದಿಂದ ಯಾದಗಿರಿ ತನ ಬಂದೀರೇನ್ರಿ?" ಅಂದರು. ನಂತರ ನರ್ಸಿಗೆ ಬಾಗಿಲು ಹಾಕಲು ಹೇಳಿ, ಒಳಗೆ ನಿಂತಿದ್ದವರನ್ನೆಲ್ಲ ಹೊರಗೆ ಕಳಿಸಿದರು. ಕೋಣೆ ಖಾಲಿಯಾಯಿತು. ನನಗೆ ಮನುಷ್ಯರ ಮಾತು ಹೊಳೆಯಲಿಲ್ಲ, ಕೆಲಸದ ಮಾತೇ ಬಾಯಿಗೆ ಬಂತು. "ಉಚ್ಚಿ ಹೊಯ್ಯಾಕ ತಿಣಕಬೇಕಾಗ್ತದ್ರಿ. ಮುಂದಿನ ತೊಗಲು ಬೆಳ್ಳಗಾಗಿ ಬಿಗಿದೇದ. ಎರಡು ವರ್ಷ ಆತ್ರಿ."

ಅವರು ನೋಡಿದರು. ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಕೈ ತೊಳೆದುಕೊಂಡು ಬಂದು, ಇದಕ್ಕೆ ಲೈಕನ್ ಸ್ಕ್ಲೀರೋಸಸ್ ಅನ್ನುತ್ತಾರೆ, ಬಹಳ ಕಾಲ ಇರುವ ಚರ್ಮದ ರೋಗ, ಪೂರಾ ಹೋಗದಿದ್ದರೂ ಹತೋಟಿಗೆ ಬರುತ್ತದೆ ಅಂದರು. ನಾನು ಆ ಪ್ರಶ್ನೆಯನ್ನು ಕೇಳಿದೆ.

"ಹೆಂಡ್ತಿಗೆ ಬರ್ತದೇನ್ರಿ?"

"ಇಲ್ಲ. ಯಾರಿಗೂ ಬರಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೋ ರೋಗ ಅಲ್ಲಿದು."

"ವೈರಸ್ಸಿಂದ ಬರ್ತದಂತ ಓದೀನ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ದನದ ದವಾಖಾನಿಯವ್ರು. ಎತ್ತಿಗೆ ಹುಣ್ಣಾಗಿ ಅದರ ಮ್ಯಾಲೆ ನೊಣ ಕುಂತಿದ್ರ, ನೊಣ ಬಂದು ಹುಣ್ಣಾತೋ, ಹುಣ್ಣಾಗಿದ್ದಕ್ಕ ನೊಣ ಬಂತೋ, ನೋಡಿದ ಕೂಡ್ಲೇ ಹೇಳ್ತೀರೇನು? ಇದೂ ಹಂಗ. ಕೆಲವರ ಚರ್ಮದಾಗ ವೈರಸ್ ಸಿಕ್ಕಾವ, ಕೆಲವರದ್ರಾಗ ಸಿಕ್ಕಿಲ್ಲ. ಅವು ರೋಗ ಹುಟ್ಟಿಸ್ಯಾವೋ, ಸುಮ್ನ ಅಲ್ಲಿ ಬಂದು ಕುಂತಾವೋ, ಹುಡುಕೋರು ಇನ್ನೂ ಹುಡುಕಾಕತ್ಯಾರ. ಮೈಯ ಕಾವಲು ಶಕ್ತಿ ತನ್ನ ಚರ್ಮದ ಮ್ಯಾಲೆ ತಾನ ಸಿಟ್ಟಾಗಿ ಬರ್ತದ ಅಂತಾರ. ಮೂತ್ರದ ಹನಿ ತೊಗಲಿನ ಒಳಗ ನಿಂತು ಬರ್ತದ ಅಂತಾನೂ ಅಂತಾರ. ಖಾತ್ರಿ ಯಾವ್ದೂ ಇಲ್ಲ."

"ಮತ್ತ ವೈರಸ್ ಸಿಕ್ಕಿದವ್ರಿಗೆ ಅದು ಎಲ್ಲಿಂದ ಬಂದಿರ್ತದ್ರಿ?" ಅಂದೆ.

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಈ ಪ್ರಶ್ನೆಯ ಹಿಂದೆ ಏನಿದೆ ಎಂದು ಅವರಿಗೆ ಗೊತ್ತಾಗಿರಬೇಕು. "ಅಂಥಾ ವೈರಸ್ ಲಗ್ನಾದ ಬಹಳ ಮಂದಿಗೆ ಒಂದಲ್ಲ ಒಂದು ಕಾಲಕ್ಕ ಬಂದು ಹೋಗಿರ್ತಾವ. ವರ್ಷಾನುಗಟ್ಟಲೆ ಸುಮ್ನ ಇರ್ತಾವ. ಯಾರಿಂದ ಬಂತು, ಎಂದು ಬಂತು ಅಂತ ದೇವ್ರ ಬಂದ್ರೂ ಹೇಳಾಕಾಗಲ್ಲ. ಅದನ್ನ ಹುಡುಕಾಕ ಹೋಗಿ ಮನಿ ಕೆಡಿಸ್ಕೋಬ್ಯಾಡ್ರಿ."

ಒಂದು ಸಣ್ಣ ಟ್ಯೂಬಿನ ಮುಲಾಮು ಬರೆದುಕೊಟ್ಟರು. ಎಷ್ಟು ಹಚ್ಚಬೇಕು, ಯಾವಾಗ ಕಡಿಮೆ ಮಾಡಬೇಕು ಎಂದು ಬೆರಳ ತುದಿಯಲ್ಲಿ ತೋರಿಸಿದರು. ಮುಲಾಮಿಗೆ ಬಗ್ಗದಿದ್ದರೆ ಮುಂದಿನ ತೊಗಲು ತೆಗೆಯಬೇಕಾಗುತ್ತದೆ, ಬಿಟ್ಟುಬಿಟ್ಟರೆ ಅಪರೂಪಕ್ಕೆ ಕ್ಯಾನ್ಸರ್ ಆಗುವುದೂ ಉಂಟು, ಅದಕ್ಕೆ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದರು.

"ತೊಗಲು ತೆಗ್ಯೂದಂದ್ರ ಸುನ್ನತಿ ಏನ್ರಿ?" ಎಂದು ಕೇಳಿದೆ.

"ಹೆಸರು ಏನರ ಇಟ್ಕೋರಿ. ಆಪರೇಷನ್ ಅದ."

ಸತ್ತ ಮೇಲೆ ನನ್ನ ಹೆಣಕ್ಕೆ ಜಳಕ ಮಾಡಿಸುವ ಓಣಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಕಣ್ಣಿಗೆ ಬಂತು. ಬಹಳ ದಿನಗಳ ಮೇಲೆ ನಗು ಬಂತು.

ಊರಿಗೆ ಬಂದಾಗ ಇಳಿಹೊತ್ತು. ಅವಳು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ತುರಿಕೆ, ಬೆಳ್ಳಗಿನ ಚರ್ಮ, ಶಹಾಪುರದ ಮೊಣಕೈ, ವೈರಸ್ಸು, ಹಾಸಿಗೆ, ಸಾಬೂನು. ನಿನಗೆ ಹತ್ತಬಾರದೆಂದು ದೂರ ಇದ್ದೆ, ಹತ್ತುವ ರೋಗ ಅಲ್ಲವಂತೆ ಅಂದೆ. ಅವಳ ಕೈ ನಿಂತಿತು.

"ಇಷ್ಟಕ್ಕ ಏನ್ರಿ?" ಅಂದಳು. ಕಣ್ಣಲ್ಲಿ ನೀರು ಬಂತು. "ಚೀಲ ತೆಗಿಸ್ಕೊಂಡಾಕಿ, ಇನ್ನೇನು ಹೆಣ್ಣಂತ ಬಿಟ್ಟೀರಿ ಅನ್ಕೊಂಡಿದ್ನಿ. ವರ್ಷದ ಮ್ಯಾಲಾತು, ಕನ್ನಡಿ ನೋಡಿಲ್ಲ ನಾ."

ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ನನ್ನ ರೋಗದಿಂದ ಅವಳು ಇಷ್ಟು ಸುಟ್ಟುಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ನನ್ನ ಗೂಟ ಸುತ್ತಿಕೊಂಡು ನನ್ನದನ್ನೇ ನೋಡಿಕೊಂಡಿದ್ದೆ. ಹಾಗೆ ಕೈ ಹಿಡಿದು ಕೂತ ಆ ಕಾಲುಗಂಟೆ ಇದೆಯಲ್ಲ, ಅಲ್ಲಿಗೇ ಈ ಬರಹ ಮುಗಿಸುವ ಆಸೆ ನನಗಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ನನ್ನ ಆಪರೇಷನ್ ಕಾಗದ ಯಾಕ ಓದಿದ್ರಿ?"

ನಾನು ಒಳಗಿನ ಟ್ರಂಕಿನ ಕಡೆ ನೋಡಿದೆ.

"ಬಾವಿಗೆ ಹೋದಾಕಿ ಹಗ್ಗ ಮರ್ತು ತಿರುಗಿ ಬಂದಿದ್ನಿ. ಬಾಗಲದಾಗ ನಿಂತು ನೋಡಿನಿ. ಚೀಲ ತೆಗ್ದದ್ದಕ್ಕ ನನ್ನ ಬಿಡಾಕ ಕಾರಣ ಹುಡುಕಾಕತ್ತೀರಿ ಅನ್ಕೊಂಡಿನಿ. ಅದಲ್ಲಂದ್ರ ಮತ್ತ ಯಾಕ ಓದಿದ್ರಿ?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿ ಹೇಳಿ 'ಗೆಳೆಯನ ತೊಡೆ'ಯಿಂದ ಇಲ್ಲಿಯವರೆಗೆ ಬಂದಿದ್ದೆ. ಸುಮ್ಮನೆ ಕೂತೆ. ಅವಳು ನನ್ನ ಮೌನವನ್ನು ಓದಿಕೊಂಡಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ನನ್ನ ಕೈಯಿಂದ ತನ್ನ ಕೈಯನ್ನು ತೆಗೆದುಕೊಂಡಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ಹತ್ತು ದಿನ ಏನೂ ಮಾತಾಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹೊಸ ಸೀರೆ ಉಟ್ಟು ಬಂದು ನಿಂತಳು. "ಆ ಡಾಕ್ಟರಮ್ಮನ ಹಂತ್ಯಾಕ ನನ್ನ ಕರಕೊಂಡು ನಡೀರಿ."

ಬಸ್ಸಿನಲ್ಲಿ ಯಾದಗಿರಿಗೆ ಹೋದೆವು. ಮೇಡಂ ಮುಂದೆ ಕೂತವಳೇ ನೇರ ಕೇಳಿದಳು. "ಇವರಿಗೆ ಬಂದ ಬ್ಯಾನಿ ನನ್ನಿಂದ ಬಂದಿಲ್ಲಂತ ಹೇಳ್ರಿ ಡಾಕ್ಟರಮ್ಮ. ನಿಮ್ಮ ಬಾಯಿಲೆ ಇವರು ಕೇಳಬೇಕು, ನನ್ನ ಮುಂದ."

ಮೇಡಂ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ನನಗೆ ಸಿಗಬೇಕಾದದ್ದು ಸಿಕ್ಕಿತು. "ಯವ್ವಾ, ಇದು ಹತ್ತೋ ರೋಗ ಅಲ್ಲ. ಯಾರೂ ಯಾರಿಗೂ ಕೊಟ್ಟಿಲ್ಲ."

"ಮತ್ತ ಆ ವೈರಸ್?"

ಅಲ್ಲಿ ಮೇಡಂ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ನಾನು ಈಗಲೂ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. "ವೈರಸ್ಸಿಗೂ ಇದಕ್ಕೂ ಸಂಬಂಧ ಅದನೋ ಇಲ್ಲೋ ಇನ್ನೂ ಯಾರಿಗೂ ಗೊತ್ತಿಲ್ಲಮ್ಮ. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಯಾರ ಕಡೀಗೂ ಬೊಟ್ಟು ಮಾಡಬಾರ್ದು, ಅಷ್ಟ ಹೇಳಬಲ್ಲೆ."

ಅವಳು ಕಾದಳು. ಮೇಡಂ ಇನ್ನೇನಾದರೂ ಹೇಳುತ್ತಾರೆಂದು ಕಾದಳು. ಆಮೇಲೆ ತಲೆ ತಗ್ಗಿಸಿದಳು. ಆಗ ನಾನು ಹೇಳಿದೆ. "ನಿನ್ನಿಂದ ಬಂದಿಲ್ಲ. ನನಗ ಗೊತ್ತದ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಇದನ್ನ ಹೇಳಾಕ ನಿಮಗ ಡಾಕ್ಟರು ಬೇಕಾದ್ರೇನ್ರಿ?" ಅಂದಳು.

ಮುಲಾಮು ಕೆಲಸ ಮಾಡಿದೆ. ಚರ್ಮ ಮೆತ್ತಗಾಗಿದೆ, ಆಪರೇಷನ್ ಸದ್ಯಕ್ಕೆ ಬೇಡವಂತೆ. ಹಾಸಿಗೆಯನ್ನು ಒಳಗೆ ತಂದಿದ್ದೇನೆ. ಅವಳು ಬೇಡ ಅನ್ನಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಆರು ತಿಂಗಳಿಗೊಮ್ಮೆ ಯಾದಗಿರಿಗೆ ನಾನೊಬ್ಬನೇ ಹೋಗಿ ಬರುತ್ತೇನೆ. ಬಂದು, ಎಲ್ಲ ಸರಿ ಇದೆಯಂತೆ ಎಂದು ಅವಳಿಗೆ ಹೇಳುತ್ತೇನೆ. "ಛಲೋ ಆತು ಬಿಡ್ರಿ" ಅನ್ನುತ್ತಾಳೆ. ಅಷ್ಟೇ ಅನ್ನುತ್ತಾಳೆ.